ತನ್ನನ್ನು ತಾನೇ ತಿದ್ದಿಕೊಳ್ಳುವುದು ಎಲ್ಲಿಯವರೆಗೆ?
ನಡುವಯಸ್ಸಿನ ನಾಯಕರಿಗಾಗಿ ಬರೆದ ವ್ಯಕ್ತಿತ್ವ ವಿಕಸನ ಪುಸ್ತಕಗಳ ಕುರಿತು ಒಂದು ವಿಮರ್ಶೆ



ತುಮಕೂರಿನ ಸದಾಶಿವನಗರದಂತಹ ಯಾವುದೇ ಬಡಾವಣೆಯ ಮನೆಗಳಲ್ಲಿ ಪುಸ್ತಕದ ಕಪಾಟನ್ನು ಗಮನಿಸಿದರೆ, ಮಕ್ಕಳ ಪಠ್ಯಪುಸ್ತಕಗಳ ಪಕ್ಕದಲ್ಲಿ ಮತ್ತೊಂದು ಬಗೆಯ ಪುಸ್ತಕಗಳು ಕಾಣಸಿಗುತ್ತವೆ. ಸ್ಟೀಫನ್ ಕೋವಿಯವರ ಏಳು ಅಭ್ಯಾಸಗಳು, ಡೇಲ್ ಕಾರ್ನೆಗಿಯವರ ಸ್ನೇಹ ಸಂಪಾದನೆಯ ಕಲೆ, ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ 'ವಿಜಯಕ್ಕೆ ಐದು ಮೆಟ್ಟಿಲು'. ಇತ್ತೀಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಹೊಸದೊಂದು ಪ್ರಕಾರ ಸೇರಿದೆ. ನಲವತ್ತು ದಾಟಿದ, ಹತ್ತು ಜನರ ಹೊಣೆ ಹೊತ್ತ ವ್ಯಕ್ತಿಯು ತನಗೆ ತಾನೇ ತರಬೇತುದಾರನಾಗಿ ಬೆಳೆಯುವುದು ಹೇಗೆಂದು ತಿಳಿಸುವ ಪುಸ್ತಕಗಳಿವು. ಇವುಗಳನ್ನು ಓದುವವರು ನಮ್ಮ ಮನೆಗಳವರೇ ಆದುದರಿಂದ, ಇವು ಏನನ್ನು ಕೊಡುತ್ತವೆ, ಏನನ್ನು ಕೊಡಲಾರವು ಎಂದು ತೂಗಿ ನೋಡುವುದು ಉಚಿತವೆನಿಸುತ್ತದೆ.

'ನಾಯಕ' ಎಂಬ ಪದವನ್ನು ಕೇಳಿದೊಡನೆ ನಾವು ವಿಧಾನಸೌಧದತ್ತ ನೋಡುವುದುಂಟು. ಈ ಲೇಖನದಲ್ಲಿ ಆ ಪದಕ್ಕೆ ಅಷ್ಟು ದೂರದ ಅರ್ಥವಿಲ್ಲ. ಕುಣಿಗಲ್ಲಿನ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ, ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಮೂವತ್ತು ಮಂದಿಯ ಮೇಲ್ವಿಚಾರಕ, ಹಳ್ಳಿಯ ಸ್ವಸಹಾಯ ಗುಂಪಿನ ಪ್ರತಿನಿಧಿ, ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಸಭೆಯ ಸಮಿತಿಯಲ್ಲಿ ಹದಿನೈದು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಂಡು ಬಂದ ಹಿರಿಯರು — ಇವರೆಲ್ಲರೂ ನಾಯಕರೇ. ಇವರಿಗೆ ಸಂಬಳ ಕೊಟ್ಟು ನೇಮಿಸಿಕೊಂಡ ತರಬೇತುದಾರರಿಲ್ಲ. ಆದಕಾರಣವೇ 'ನಿಮಗೆ ನೀವೇ' ಎನ್ನುವ ಪುಸ್ತಕ ಇವರ ಕೈಗೆ ಬರುತ್ತದೆ.

ಈ ಪುಸ್ತಕಗಳ ವಂಶವೃಕ್ಷ

ಈ ಪ್ರಕಾರವು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬಾತ 1859ರಲ್ಲಿ 'ಸೆಲ್ಫ್ ಹೆಲ್ಪ್' ಎಂಬ ಪುಸ್ತಕವನ್ನು ಪ್ರಕಟಿಸಿದಾಗ ಈ ಬಗೆಯ ಬರವಣಿಗೆಗೆ ಒಂದು ಹೆಸರು ಸಿಕ್ಕಿತು. ಆದರೆ ಅದಕ್ಕೂ ಏಳು ವರ್ಷ ಮೊದಲು, 1852ರಲ್ಲಿ, ಇಂಗ್ಲೆಂಡಿನಲ್ಲಿ ಯಶಸ್ವಿ ವರ್ತಕನೊಬ್ಬನ ಜೀವನಚಿತ್ರ ಪ್ರಕಟವಾಗಿ ಬಹಳ ಜನಪ್ರಿಯವಾಗಿತ್ತು. ಅದನ್ನು ಬರೆದವರು ವಿಲಿಯಂ ಆರ್ಥರ್. ಈ ಹೆಸರು ನಮ್ಮ ಜಿಲ್ಲೆಗೆ ಅಪರಿಚಿತವಾಗಬಾರದು. ವೆಸ್ಲಿಯನ್ ಮಿಷನರಿಗಳು 1830ರ ದಶಕದ ಕೊನೆಯಲ್ಲಿ ಗುಬ್ಬಿಯಲ್ಲಿ ನೆಲೆಯೂರಿದಾಗ, 1839ರಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತು ಕೆಲಸ ಮಾಡಿದ ಐರಿಷ್ ತರುಣ ಅವರು. ಕಣ್ಣಿನ ಬೇನೆಯಿಂದಾಗಿ ಎರಡೇ ವರ್ಷಗಳಲ್ಲಿ ಹಿಂದಿರುಗಬೇಕಾಯಿತು. ಮೈಸೂರು ಸೀಮೆಯ ಅನುಭವಗಳನ್ನು 1847ರಲ್ಲಿ ಪುಸ್ತಕವಾಗಿ ಬರೆದರು.

ಆರ್ಥರರ ವರ್ತಕನ ಹೆಸರು ಸ್ಯಾಮ್ಯುಯೆಲ್ ಬಡ್ಜೆಟ್. ಬಾಲ್ಯದಲ್ಲಿ ದಾರಿಯಲ್ಲಿ ಬಿದ್ದಿದ್ದ ಕುದುರೆಲಾಳವೊಂದನ್ನು ಹೆಕ್ಕಿ, ಮೈಲಿಗಟ್ಟಲೆ ನಡೆದು, ಕಮ್ಮಾರನಿಗೆ ಒಂದು ಪೆನ್ನಿಗೆ ಮಾರಿದ ಹುಡುಗ ಮುಂದೆ ಬ್ರಿಸ್ಟಲ್ ಬಳಿ ದೊಡ್ಡ ದಿನಸಿ ವ್ಯಾಪಾರಿಯಾದ ಕಥೆ ಅದು. ಇಂದಿನ ಯಾವುದೇ ವಿಜಯಗಾಥೆಯಲ್ಲೂ ಈ ಕುದುರೆಲಾಳದ ಪ್ರಸಂಗ ಸಲೀಸಾಗಿ ಹೊಂದಿಕೊಳ್ಳುತ್ತದೆ. ಆದರೆ ಆರ್ಥರರು ಅಲ್ಲಿಗೆ ನಿಲ್ಲಲಿಲ್ಲ. ಯಜಮಾನ ಮತ್ತು ಆಳುಗಳ ಸಂಬಂಧಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಗಳಿಸಿದವನ ಗಳಿಕೆಯನ್ನು ಅವನ ಬಳಿ ದುಡಿದವರ ಬದುಕಿನೊಂದಿಗೆ ಇಟ್ಟು ಅಳೆಯಬೇಕೆಂಬ ನಿಲುವು ಅದು. ಮುಂದಿನ ಒಂದೂವರೆ ಶತಮಾನದಲ್ಲಿ ಈ ಪ್ರಕಾರ ಬೆಳೆಯುತ್ತ ಹೋದಂತೆ ಕುದುರೆಲಾಳ ಉಳಿಯಿತು, ಆಳುಗಳ ಅಧ್ಯಾಯ ತೆಳುವಾಯಿತು. ಈ ಲೇಖನದ ಮುಖ್ಯ ತಕರಾರು ಇದೇ.

ತರಬೇತಿಯ ಭಾಷೆ ಇದರೊಳಗೆ ಸೇರಿದ್ದು ಆಟದ ಮೈದಾನದಿಂದ. ಟಿಮೊಥಿ ಗಾಲ್ವೆ ಎಂಬ ಅಮೆರಿಕನ್ ಟೆನಿಸ್ ಶಿಕ್ಷಕರು 1974ರಲ್ಲಿ ಬರೆದ ಪುಸ್ತಕದಲ್ಲಿ, ಆಟಗಾರನ ನಿಜವಾದ ಎದುರಾಳಿ ಬಲೆಯ ಆಚೆ ಇಲ್ಲ, ಅವನ ತಲೆಯೊಳಗೇ ಇದ್ದಾನೆ ಎಂದರು. ಅವರ ವಿಚಾರಗಳನ್ನು ಬ್ರಿಟನ್ನಿನ ಕಚೇರಿಗಳಿಗೆ ಒಯ್ದ ಜಾನ್ ವಿಟ್ಮೋರ್, ಒಂದು ಕಾಲದಲ್ಲಿ ಕಾರು ಪಂದ್ಯದ ಚಾಲಕರಾಗಿದ್ದವರು, 1992ರ ತಮ್ಮ ಪುಸ್ತಕದ ಮೂಲಕ ನಾಲ್ಕು ಹಂತಗಳ ಪ್ರಶ್ನಾವಳಿಯೊಂದನ್ನು ಜನಪ್ರಿಯಗೊಳಿಸಿದರು: ನಿನ್ನ ಗುರಿಯೇನು, ಈಗಿನ ವಾಸ್ತವವೇನು, ಇರುವ ಆಯ್ಕೆಗಳಾವುವು, ಏನು ಮಾಡಲು ಸಂಕಲ್ಪಿಸುವೆ? ಇಂದಿನ ಸ್ವತರಬೇತಿಯ ಪುಸ್ತಕಗಳಲ್ಲಿ ಬಹುಪಾಲು ಈ ನಾಲ್ಕು ಪ್ರಶ್ನೆಗಳ ವಿಸ್ತರಣೆಯೇ ಆಗಿವೆ.

ಸಲ್ಲಬೇಕಾದ ಮೆಚ್ಚುಗೆ

ಟೀಕಿಸುವ ಮುನ್ನ ಈ ಪುಸ್ತಕಗಳ ಗುಣವನ್ನು ಒಪ್ಪಿಕೊಳ್ಳುವುದು ನ್ಯಾಯ. ಮೊದಲನೆಯದಾಗಿ, ಇವು ಓದುಗನನ್ನು ಒಂದು ಕ್ಷಣ ನಿಲ್ಲಿಸುತ್ತವೆ. ಬೆಳಗಿನ ಬೆಂಗಳೂರು ರೈಲಿಗೆ ಓಡುವವನಿಗೆ, 'ಈ ಓಟ ಎಲ್ಲಿಗೆ?' ಎಂದು ಕೇಳುವವರು ಬೇರಾರೂ ಇರಲಿಕ್ಕಿಲ್ಲ. ಎರಡನೆಯದಾಗಿ, ಕೊರಗನ್ನು ಕಾಗದದ ಮೇಲೆ ಬರೆಯಲು ಹೇಳುತ್ತವೆ. ಮನಸ್ಸಿನಲ್ಲಿ ಬೆಟ್ಟದಂತಿದ್ದುದು ಬರೆದಾಗ ನಾಲ್ಕು ಸಾಲಿಗೆ ಇಳಿಯುವುದನ್ನು ಬಲ್ಲವರು ಬಲ್ಲರು. ಮೂರನೆಯದಾಗಿ, 1989ರಲ್ಲಿ ಬಂದ ಕೋವಿಯವರ ಪುಸ್ತಕದ ಏಳನೆಯ ಅಭ್ಯಾಸ, ಅಂದರೆ ಮರ ಕೊಯ್ಯುವವನು ನಡುವೆ ನಿಂತು ಗರಗಸವನ್ನು ಹರಿತಗೊಳಿಸಿಕೊಳ್ಳಬೇಕೆಂಬುದು, ವಿಶ್ರಾಂತಿಯನ್ನು ಸೋಮಾರಿತನವೆಂದು ಭಾವಿಸುವ ನಮ್ಮ ಹಿರಿಯರಿಗೆ ಕೇಳಲೇಬೇಕಾದ ಮಾತು. ಅವರ ಐದನೆಯ ಅಭ್ಯಾಸವು ಮೊದಲು ಎದುರಿನವರನ್ನು ಅರ್ಥಮಾಡಿಕೊಳ್ಳಿರೆನ್ನುತ್ತದೆ. ಆ ಅಧ್ಯಾಯವನ್ನು ಓದಿಯೂ ಮನೆಯಲ್ಲಿ ಯಾರ ಮಾತನ್ನೂ ಕೇಳದವರಿದ್ದರೆ ತಪ್ಪು ಪುಸ್ತಕದ್ದಲ್ಲ.

ಎಲ್ಲಿ ಎಡವುತ್ತವೆ?

ತರಬೇತಿ ಎನ್ನುವುದು ಮೂಲತಃ ಇಬ್ಬರ ನಡುವಿನ ಕೆಲಸ. ವಿಟ್ಮೋರರ ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದು, 'ವಾಸ್ತವವೇನು?' ಎಂಬುದು, ಎದುರಿಗೆ ಒಬ್ಬರಿದ್ದಾಗ ಮಾತ್ರ ಚುಚ್ಚುತ್ತದೆ. 'ನನ್ನ ಸಹೋದ್ಯೋಗಿಗಳಿಗೆ ನನ್ನ ಮೇಲೆ ಗೌರವವಿದೆ' ಎಂದು ನಾವು ಉತ್ತರಿಸಿದರೆ, 'ಅದು ಗೌರವವೋ ಭಯವೋ?' ಎಂದು ಮರುಪ್ರಶ್ನೆ ಹಾಕುವವರು ಬೇಕು. ಸ್ವತರಬೇತಿಯಲ್ಲಿ ಆ ಎರಡನೆಯ ವ್ಯಕ್ತಿಯನ್ನೇ ತೆಗೆದುಹಾಕಲಾಗಿದೆ. ಪ್ರಶ್ನೆಪತ್ರಿಕೆ ಬರೆಯುವವನೂ ಉತ್ತರಿಸುವವನೂ ಅಂಕ ಹಾಕುವವನೂ ಒಬ್ಬನೇ ಆದ ಪರೀಕ್ಷೆಯಲ್ಲಿ ಯಾರು ನಪಾಸಾಗುತ್ತಾರೆ?

ಗಾಲ್ವೆಯವರ ಮೂಲ ವಿಚಾರಕ್ಕೂ ಇದು ವಿರುದ್ಧವೇ. ಆಟಗಾರನೊಳಗೆ ಇಬ್ಬರಿದ್ದಾರೆ, ಸದಾ ಆಜ್ಞೆ ಮಾಡುವವನೊಬ್ಬ, ಆಡುವವನೊಬ್ಬ. ಆಜ್ಞೆ ಮಾಡುವವನು ಸುಮ್ಮನಾದರೆ ಆಡುವವನು ಚೆನ್ನಾಗಿ ಆಡುತ್ತಾನೆ ಎಂದು ಅವರು ವಾದಿಸಿದ್ದರು. ಸ್ವತರಬೇತಿಯ ಪುಸ್ತಕಗಳು ಆ ಆಜ್ಞಾಪಕನ ಕೈಗೇ ವೇಳಾಪಟ್ಟಿ, ದಿನಚರಿ ಪುಸ್ತಕ, ಅಂಕಪಟ್ಟಿಗಳನ್ನು ಕೊಟ್ಟು ಅವನನ್ನು ಇನ್ನಷ್ಟು ಬಲಪಡಿಸುತ್ತವೆ. ದಣಿದ ಮನುಷ್ಯನಿಗೆ ಮತ್ತೊಬ್ಬ ಮೇಲಧಿಕಾರಿ ದೊರೆತಂತಾಗುತ್ತದೆ.

ನಮ್ಮ ಪೂರ್ವಿಕರು ಈ ಅಪಾಯವನ್ನು ಅರಿತಿದ್ದರು. ಇಗ್ನೇಷಿಯಸ್ ಲೊಯೋಲರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕ 1548ರಲ್ಲಿ ಅಚ್ಚಾಯಿತು. ಆತ್ಮಶೋಧನೆಯ ಕ್ರಮವನ್ನು ಅಷ್ಟು ವಿವರವಾಗಿ ಹೇಳಿದ ಆ ಪುಸ್ತಕವೂ ಸಾಧಕನ ಜೊತೆಗೆ ಮಾರ್ಗದರ್ಶಕನೊಬ್ಬನಿರಬೇಕೆಂದೇ ಭಾವಿಸುತ್ತದೆ. ಜಾನ್ ವೆಸ್ಲಿಯವರ ಅನುಯಾಯಿಗಳು 1742ರಿಂದ ಹನ್ನೆರಡು ಮಂದಿಯ ಆಸುಪಾಸಿನ ಸಣ್ಣ ಗುಂಪುಗಳಾಗಿ ವಾರಕ್ಕೊಮ್ಮೆ ಕೂಡಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಪದ್ಧತಿಗಳು ಬೇರೆಯಾದರೂ ತಿಳಿವಳಿಕೆ ಒಂದೇ: ತನ್ನ ಬೆನ್ನು ತನಗೆ ಕಾಣದು.

ಮಂಕುತಿಮ್ಮನೂ ವಿಜೇತನೂ

ಹಾಗಾದರೆ ತನ್ನೊಡನೆ ತಾನು ಮಾತನಾಡಿಕೊಳ್ಳುವುದೇ ವ್ಯರ್ಥವೇ? ಖಂಡಿತ ಅಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒತ್ತಡದ ವೇಳೆ 'ನಾನು' ಎನ್ನುವ ಬದಲು ತಮ್ಮ ಹೆಸರಿಡಿದು ತಮ್ಮನ್ನೇ ಕರೆದುಕೊಂಡವರು ಹೆಚ್ಚು ಸಮಾಧಾನದಿಂದ ವರ್ತಿಸಿದರು. ತನ್ನಿಂದ ತಾನು ಒಂದು ಮಾರು ದೂರ ನಿಂತಂತೆ ಅದು. ಪ್ರಶ್ನೆ ಇರುವುದು ಯಾವ ಹೆಸರಿನಿಂದ ಕರೆದುಕೊಳ್ಳುತ್ತೇವೆ ಎಂಬುದರಲ್ಲಿ.

ಡಿ.ವಿ. ಗುಂಡಪ್ಪನವರು 1943ರಲ್ಲಿ, ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ, 'ಮಂಕುತಿಮ್ಮನ ಕಗ್ಗ'ವನ್ನು ಪ್ರಕಟಿಸಿದರು. ಪತ್ರಿಕೆ ನಡೆಸಿದವರು, ಶಾಸನಸಭೆಯಲ್ಲಿ ಕುಳಿತವರು, ಸಂಸ್ಥೆ ಕಟ್ಟುತ್ತಿದ್ದವರು. ಯಾವ ಅಳತೆಯಿಂದಲೂ ನಾಯಕರು. ಅವರ ಪದ್ಯಗಳು ಮಂಕುತಿಮ್ಮನೆಂಬ ಹೆಸರಿನೊಂದಿಗೆ ಮುಗಿಯುತ್ತವೆ. ಶಿವರಾಮ ಕಾರಂತರು 1948ರಲ್ಲಿ, ನಲವತ್ತಾರರ ಹೊಸ್ತಿಲಲ್ಲಿ, ತಮ್ಮ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟರು. ಒಬ್ಬರು ತಮ್ಮ ವಿವೇಕವನ್ನೆಲ್ಲ ಮಂಕನೊಬ್ಬನ ಬಾಯಲ್ಲಿಟ್ಟರು, ಇನ್ನೊಬ್ಬರು ತಮ್ಮದೇ ಮನಸ್ಸನ್ನು ಹುಚ್ಚು ಎಂದರು. ಇಬ್ಬರೂ ಅದರ ನಂತರ ದಶಕಗಳ ಕಾಲ ಬರೆದರು, ದುಡಿದರು. ಇದಕ್ಕೆ ಎದುರಾಗಿ ನಮ್ಮ ಕಪಾಟಿನ ಅನುವಾದಿತ ಪುಸ್ತಕಗಳು ಓದುಗನನ್ನು ಪ್ರತಿ ಬೆಳಗ್ಗೆ ಕನ್ನಡಿಯ ಮುಂದೆ ನಿಲ್ಲಿಸಿ 'ನಾನು ವಿಜೇತ' ಎಂದು ಹೇಳಿಸುತ್ತವೆ. ತನ್ನನ್ನು ನೋಡಿ ತಾನು ನಗಬಲ್ಲವನಿಗೆ ಕಲಿಯಲು ಜಾಗ ಉಳಿದಿರುತ್ತದೆ. ವಿಜೇತನಿಗೆ ಕಲಿಯುವುದೇನಿದೆ?

ನಡುವಯಸ್ಸು ಎಂದರೇನು?

ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕರು 1965ರಲ್ಲಿ ಕಲಾವಿದರ ಜೀವನಗಳನ್ನು ಅಭ್ಯಸಿಸಿ 'ನಡುವಯಸ್ಸಿನ ಬಿಕ್ಕಟ್ಟು' ಎಂಬ ಮಾತನ್ನು ಬಳಕೆಗೆ ತಂದರು. ತನಗೂ ಸಾವಿದೆಯೆಂಬುದು ಕೇವಲ ತಿಳಿವಳಿಕೆಯಾಗಿ ಉಳಿಯದೆ ಅನುಭವವಾಗುವ ಕಾಲ ಅದೆಂದು ಅವರ ಅಭಿಪ್ರಾಯ. ಪುಸ್ತಕ ಮಾರುವವರು ಸಾವಿನ ಮಾತನ್ನು ಬಿಟ್ಟು ಬಿಕ್ಕಟ್ಟನ್ನಷ್ಟೇ ಎತ್ತಿಕೊಂಡರು. ವಾಸ್ತವವಾಗಿ ಆ ಬಿಕ್ಕಟ್ಟು ಎಲ್ಲರನ್ನೂ ಕಾಡುವುದಿಲ್ಲ. ಸಮಾಜವಿಜ್ಞಾನಿ ಇಲೇನ್ ವೆದಿಂಗ್ಟನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂತಹ ಬಿಕ್ಕಟ್ಟು ತಮಗೆ ಬಂದಿತ್ತೆಂದ ಅಮೆರಿಕನ್ನರು ಸುಮಾರು ಕಾಲು ಭಾಗ ಮಾತ್ರ.

ಇದಕ್ಕಿಂತ ಉಪಯುಕ್ತವಾದ ಮಾತನ್ನು ಎರಿಕ್ ಎರಿಕ್ಸನ್ 1950ರಲ್ಲೇ ಹೇಳಿದ್ದರು. ನಡುವಯಸ್ಸಿನಲ್ಲಿ ಮನುಷ್ಯನ ಮುಂದೆ ಎರಡು ದಾರಿಗಳಿವೆ: ಮುಂದಿನ ಪೀಳಿಗೆಯನ್ನು ಪೋಷಿಸುವುದು ಅಥವಾ ನಿಂತ ನೀರಾಗುವುದು. ಈ ಮಾತನ್ನು ಅಂಗೀಕರಿಸಿದರೆ ಸ್ವತರಬೇತಿಯ ಮೊದಲ ಪ್ರಶ್ನೆಯೇ ಬದಲಾಗಬೇಕಾಗುತ್ತದೆ. 'ನನ್ನ ಗುರಿಯೇನು?' ಎಂಬುದು ಇಪ್ಪತ್ತೈದರ ಪ್ರಶ್ನೆ. 'ನನ್ನ ಬಳಿಯಲ್ಲಿ ಯಾರು ಬೆಳೆಯುತ್ತಿದ್ದಾರೆ?' ಎಂಬುದು ನಲವತ್ತೈದರದು.

ಗುಬ್ಬಿಯ ಒಂದು ಪಾಠ

ಈ ಪ್ರಶ್ನೆಗೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿಯೊಂದು ಹುಟ್ಟಿತು. ಬಾಲನಟನಾಗಿ ಅದನ್ನು ಸೇರಿದ ವೀರಣ್ಣನವರು (1891–1972) 1917ರಲ್ಲಿ ಅದರ ಒಡೆಯರಾದರು. 1934ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಆನೆ ಕುದುರೆಗಳನ್ನು ರಂಗದ ಮೇಲೆ ತಂದು 'ಕುರುಕ್ಷೇತ್ರ'ವನ್ನು ಆಡಿಸಿದರು. ಯಶಸ್ಸಿನ ಪುಸ್ತಕಗಳ ದೃಷ್ಟಿಯಲ್ಲಿ ಇದೇ ಶಿಖರ. ಅಷ್ಟರೊಳಗೆ ಮೂಕಚಿತ್ರ ತಯಾರಿಕೆಗೂ ಕೈಹಾಕಿದ್ದರು. ಆ ಸಾಹಸ ಹೆಚ್ಚು ಕಾಲ ಬಾಳಲಿಲ್ಲ.

ಎರಡು ಸಂಗತಿಗಳನ್ನು ಗಮನಿಸಿರಿ. ಕಂಪನಿಯ ಒಡೆಯರಾಗಿ ರಾಜನ ಪಾತ್ರವನ್ನು ತಮಗಿಟ್ಟುಕೊಳ್ಳಲು ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ 'ಸದಾರಮೆ'ಯಲ್ಲಿ ಜನ ಅವರನ್ನು ನೆನೆಯುವುದು ಕಳ್ಳನ ಪಾತ್ರಕ್ಕಾಗಿ. ನೂರಾರು ಮಂದಿಯ ಅನ್ನದ ಹೊಣೆ ಹೊತ್ತವರು ರಾತ್ರಿ ರಾತ್ರಿ ರಂಗದ ಮೇಲೆ ಜನರ ನಗೆಗೆ ತಮ್ಮನ್ನು ಒಡ್ಡಿಕೊಂಡರು. ಮಂಕುತಿಮ್ಮನಿಗೂ ಈ ಕಳ್ಳನಿಗೂ ಏನೋ ನಂಟಿದೆ.

ಎರಡನೆಯದು ಇನ್ನೂ ಮುಖ್ಯ. ಬಂಟ್ವಾಳ ತಾಲ್ಲೂಕಿನ ಮಂಚಿಯಿಂದ ಮನೆಬಿಟ್ಟು ಓಡಿಬಂದ ಹುಡುಗನೊಬ್ಬ ಕಂಪನಿ ಸೇರಿದ. ರಂಗಸಂಗೀತದ ಕಿವಿಯಿದ್ದ, ಎಲ್ಲ ಕೆಲಸಕ್ಕೂ ಒದಗುವ ಹುಡುಗ. ಅವನನ್ನು ವೀರಣ್ಣನವರು ಓದಲೆಂದು ಕಾಶಿಗೆ ಕಳುಹಿಸಿದರು. ಅಲ್ಲಿ ಅವನು ಹಿಂದಿಯಲ್ಲಿ ಎಂ.ಎ. ಮಾಡಿದ. ದುಡಿಯಬಲ್ಲವನನ್ನು ಕೈಯಾರೆ ಬಿಟ್ಟುಕೊಡುವುದು ಕಂಪನಿಯ ಲೆಕ್ಕಪುಸ್ತಕದಲ್ಲಿ ನಷ್ಟವೇ ಸರಿ. ಆ ಹುಡುಗನೇ ಬಿ.ವಿ. ಕಾರಂತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಮೈಸೂರಿನ ರಂಗಾಯಣವನ್ನು ಕಟ್ಟಲು ನಿಂತರು. 1954ರಲ್ಲಿ ವೀರಣ್ಣನವರು ಎ.ವಿ. ಮೆಯ್ಯಪ್ಪನವರೊಂದಿಗೆ ನಿರ್ಮಿಸಿದ 'ಬೇಡರ ಕಣ್ಣಪ್ಪ'ದಲ್ಲಿ ನಾಯಕನಾಗಿ ಮೊದಲ ಬಾರಿ ಕಾಣಿಸಿಕೊಂಡವರು ರಾಜಕುಮಾರ್. ತಂದೆಯೊಂದಿಗೆ ಬಾಲ್ಯದಲ್ಲೇ ಗುಬ್ಬಿ ಕಂಪನಿಯ ಅನ್ನ ಉಂಡವರು. ಅದೇ ಚಿತ್ರದಲ್ಲಿ ತಿಪಟೂರಿನ ನರಸಿಂಹರಾಜು, ಕಂಪನಿಯಲ್ಲೇ ಬೆಳೆದ ಜಿ.ವಿ. ಅಯ್ಯರ್ ಕೂಡ ಇದ್ದರು. ಆಗ ವೀರಣ್ಣನವರಿಗೆ ಅರವತ್ತಮೂರು.

ಕಂಪನಿ ನಾಟಕಗಳ ವೈಭವದ ಕಾಲ ಕ್ರಮೇಣ ಮುಗಿಯಿತು. ರಂಗದ ಮೇಲಿನ ಆನೆಗಳು ದಂತಕಥೆಯಾದವು. ಉಳಿದದ್ದು ಅಲ್ಲಿ ಬೆಳೆದ ಮನುಷ್ಯರು. ವೀರಣ್ಣನವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ಅದರ ಶೀರ್ಷಿಕೆಯಲ್ಲಿ ಮೆಟ್ಟಿಲುಗಳ ಎಣಿಕೆಯಿಲ್ಲ, 'ನಾನು' ಎಂಬುದೂ ಇಲ್ಲ.

ಅರ್ಧವಿರಾಮವಿಲ್ಲದ ಆಟ

ಅಮೆರಿಕದ ಉದ್ಯಮಿ ಬಾಬ್ ಬ್ಯೂಫರ್ಡ್ 1994ರಲ್ಲಿ ಬರೆದ 'ಹಾಫ್‌ಟೈಮ್' ಎಂಬ ಪುಸ್ತಕವನ್ನು ನಮ್ಮ ಸಭೆಗಳ ಕೆಲವು ಓದುಗರು ಬಲ್ಲರು. ಮಗನನ್ನು ನದಿಯಲ್ಲಿ ಕಳೆದುಕೊಂಡ ತಂದೆಯ ನೋವು ಆ ಪುಸ್ತಕದ ಹಿಂದಿದೆ. ಅದನ್ನು ಹಗುರವಾಗಿ ಕಾಣಲಾಗದು. ಬದುಕಿನ ಮೊದಲ ಅರ್ಧ ಯಶಸ್ಸಿಗೆ, ಎರಡನೆಯ ಅರ್ಧ ಸಾರ್ಥಕತೆಗೆ ಎಂಬುದು ಅದರ ತಿರುಳು. ಸ್ವತರಬೇತಿಯ ಪುಸ್ತಕಗಳಿಗಿಂತ ಇದು ಒಂದು ಹೆಜ್ಜೆ ಮುಂದಿದೆ, ಏಕೆಂದರೆ ಇತರರು ಇದರ ಲೆಕ್ಕದಲ್ಲಿದ್ದಾರೆ.

ಆದರೂ ಒಂದು ಸಂದೇಹ ಉಳಿಯುತ್ತದೆ. ಪಂದ್ಯದ ನಡುವೆ ಮೈದಾನದಿಂದ ಹೊರಬಂದು ಕುಳಿತು ಯೋಚಿಸುವ ಅನುಕೂಲ ಯಾರಿಗಿದೆ? ಗುಬ್ಬಿಯ ತೆಂಗಿನ ತೋಟದ ಸಾಲ, ಮಗಳ ಇಂಜಿನಿಯರಿಂಗ್ ಶುಲ್ಕ, ಹಾಸಿಗೆ ಹಿಡಿದ ಅತ್ತೆ, ಇವುಗಳ ನಡುವೆ ಶಾಲೆ ನಡೆಸುವ ಐವತ್ತರ ಹೆಣ್ಣುಮಗಳಿಗೆ ಯಾರೂ ಅರ್ಧವಿರಾಮದ ಸೀಟಿ ಊದುವುದಿಲ್ಲ. ಮೊದಲು ಗಳಿಸಿ ನಂತರ ಸಾರ್ಥಕವಾಗು ಎಂಬ ಕ್ರಮ ಅವಳ ಬದುಕಿಗೆ ಒಗ್ಗದು. ಅವಳು ಬೆಳೆಯುವುದಾದರೆ ಆಟ ನಡೆಯುತ್ತಿರುವಾಗಲೇ, ಇಂದು ಮಾಡುತ್ತಿರುವ ಕೆಲಸದೊಳಗೇ ಬೆಳೆಯಬೇಕು. ವೀರಣ್ಣನವರು ಹುಡುಗನನ್ನು ಕಾಶಿಗೆ ಕಳುಹಿಸಿದಾಗಲೂ ಕಂಪನಿಯ ಡೇರೆ ಊರಿಂದೂರಿಗೆ ಹೋಗುತ್ತಲೇ ಇತ್ತು.

ಹಾಗಾದರೆ ಹೇಗೆ ಓದಬೇಕು?

ಈ ಪುಸ್ತಕಗಳನ್ನು ಕಪಾಟಿನಿಂದ ಹೊರಹಾಕಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಒಬ್ಬರೇ ಓದಬೇಡಿರಿ ಎಂಬುದಷ್ಟೇ ಕೋರಿಕೆ. ಪುಸ್ತಕದ ಪ್ರಶ್ನಾವಳಿಗೆ ಉತ್ತರ ಬರೆದ ಮೇಲೆ ಅದನ್ನು ನಿಮಗೆ ಹೆದರದ ಒಬ್ಬರಿಗೆ ತೋರಿಸಿರಿ. ಅವರು ನಿಮ್ಮ ಪತ್ನಿಯೋ ಪತಿಯೋ, ಹಳೆಯ ಸಹಪಾಠಿಯೋ, ಕೆಲಸಬಿಟ್ಟು ಹೋದ ಸಹೋದ್ಯೋಗಿಯೋ ಆಗಿರಬಹುದು. ಕೆಳಗಿನವರು ಸತ್ಯ ಹೇಳುವರೆಂದು ನಿರೀಕ್ಷಿಸಬೇಡಿರಿ. ಅವರಿಗೆ ನಾಳೆಯೂ ನಿಮ್ಮ ಸಹಿ ಬೇಕು.

ಪುಸ್ತಕ ಕೇಳದ ಮೂರು ಪ್ರಶ್ನೆಗಳನ್ನು ನೀವೇ ಸೇರಿಸಿಕೊಳ್ಳಿರಿ. ಕಳೆದ ಐದು ವರ್ಷಗಳಲ್ಲಿ ನನ್ನ ಕೈಕೆಳಗೆ ಕಲಿತು ನನಗಿಂತ ಮುಂದೆ ಹೋದವರು ಯಾರು? ನಾನೊಂದು ತಿಂಗಳು ಬಾರದಿದ್ದರೆ ಯಾವ ಕೆಲಸ ನಿಂತುಹೋಗುತ್ತದೆ, ಅದನ್ನು ಯಾರಿಗೂ ಏಕೆ ಕಲಿಸಿಲ್ಲ? ನನ್ನ ತೀರ್ಮಾನವನ್ನು ಯಾರಾದರೂ ಮುಖಕ್ಕೆ ಮುಖ ಕೊಟ್ಟು ನಿರಾಕರಿಸಿ ಎಷ್ಟು ದಿನವಾಯಿತು? ಮೊದಲ ಪ್ರಶ್ನೆಗೆ ಒಂದು ಹೆಸರೂ ಹೊಳೆಯದಿದ್ದರೆ ಇನ್ನೊಂದು ಪುಸ್ತಕ ಕೊಳ್ಳುವ ಅಗತ್ಯವಿಲ್ಲ. ಕೀಲಿಕೈಗಳ ಗೊಂಚಲಿನಿಂದ ಒಂದನ್ನು ಬಿಚ್ಚಿ ಕಿರಿಯರೊಬ್ಬರ ಕೈಗಿಡುವುದು ಸಾಕು. ಅದು ಬೀರುವಿನದಾಗಿರಲಿ, ಲೆಕ್ಕದ ಪೆಟ್ಟಿಗೆಯದಾಗಿರಲಿ. ಮೊದಲ ವಾರ ಅವರು ತಪ್ಪು ಮಾಡುವರು. ಆಗ ಸುಮ್ಮನಿರುವುದೇ ನಡುವಯಸ್ಸಿನ ನಾಯಕರು ಮಾಡಬಹುದಾದ ಕಠಿಣವಾದ ಅಭ್ಯಾಸ. ಅದಕ್ಕೆ ಯಾವ ಪುಸ್ತಕದಲ್ಲೂ ಅಧ್ಯಾಯವಿಲ್ಲದಿದ್ದರೆ, ಗುಬ್ಬಿಯ ಕಡೆಗೆ ಒಮ್ಮೆ ನೋಡಿರಿ.